ಮೊದಲು ಖಾನೆ, ಆಮೇಲೆ ಮಾತು: ವ್ಯಾಪಾರದ ಬರಹ ಬೇಗ ಮುಗಿಸುವ ರೀತಿ

ಮುಂಬೈನ ಮಾಟುಂಗಾದ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರೂವರೆ ಅಂದರೆ ಸ್ವಲ್ಪ ಬಿಡುವಿನ ಹೊತ್ತು. ಊಟದವರು ಎದ್ದು ಹೋಗಿರುತ್ತಾರೆ, ಸಂಜೆಯ ತಿಂಡಿಯವರು ಇನ್ನೂ ಬಂದಿರುವುದಿಲ್ಲ. ಅಂಥ ಒಂದು ಹೊತ್ತಲ್ಲಿ ಅಲ್ಲಿನ ಹೋಟೆಲೊಂದರ ಶೆಟ್ರು ನನಗೆ ಫೋನ್ ಮಾಡಿದರು. ಲೋವರ್ ಪರೇಲ್‌ನ ಒಂದು ಆಫೀಸಿಗೆ ದಿನಾ 120 ಜನರ ಊಟ ಬೇಕಂತೆ, ಪ್ರಪೋಸಲ್ ಇವತ್ತೇ ಹೋಗಬೇಕಂತೆ. "ಇಂಗ್ಲಿಷಲ್ಲಿ ಚಂದ ಮಾಡಿ ಬರೆದು ಕೊಡಿ ಮೇಡಂ" ಅಂದರು.

ಡೊಂಬಿವಿಲಿಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಮೊದಲ ಪ್ಯಾರಾಕ್ಕೇ ಒಂದೂವರೆ ಗಂಟೆ ಹೋಯಿತು. ಹೋಟೆಲು ಎಷ್ಟು ಹಳೆಯದು, ಶುಚಿ, ರುಚಿ, ನಮ್ಮ ಕಡೆಯ ಅಡುಗೆ ಅಂತೆಲ್ಲ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಎರಡನೇ ಪ್ಯಾರಾಕ್ಕೆ ಬಂದಾಗ ನೋಡಿದರೆ ಒಂದು ಪ್ಲೇಟಿಗೆ ಎಷ್ಟು ಚಪಾತಿ ಅಂತ ನಾನು ಕೇಳಿಯೇ ಇಲ್ಲ. ಊಟ ಎಷ್ಟು ಗಂಟೆಗೆ ತಲುಪುತ್ತದೆ, ಪಾತ್ರೆ ಯಾರದು, ಬಡಿಸೋಕೆ ಯಾರು, ಯಾವುದೂ ಗೊತ್ತಿಲ್ಲ. ಏಳು ಗಂಟೆಗೆ ಫೋನ್ ಮಾಡಿದರೆ ಹೋಟೆಲ್ ತುಂಬಿದೆ, ಶೆಟ್ರು ಗಲ್ಲಾದಲ್ಲಿದ್ದಾರೆ, ಎತ್ತಲಿಲ್ಲ. ಪ್ರಪೋಸಲ್ ಹೋಗಿದ್ದು ಮರುದಿನ ಹನ್ನೊಂದಕ್ಕೆ. ಅಷ್ಟರಲ್ಲಿ ಆ ಆಫೀಸಿನವರು ಬೇರೆ ಕಡೆ ಮಾತಾಡಿ ಮುಗಿಸಿದ್ದರು.

ಶೆಟ್ರು ಏನೂ ಅನ್ನಲಿಲ್ಲ. ನನಗೆ ಮಾತ್ರ ಅವತ್ತು ಒಂದು ವಿಷಯ ಸ್ಪಷ್ಟವಾಯಿತು. ಟೈಪ್ ಮಾಡೋಕೆ ನನಗೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಹೊತ್ತು ಹೋಗಿದ್ದು ಮುಂದಿನ ಸಾಲಲ್ಲಿ ಏನು ಬರಬೇಕು ಅಂತ ಗೊತ್ತಿಲ್ಲದ್ದಕ್ಕೆ, ಮತ್ತು ಬೇಕಾದ ಮಾಹಿತಿ ಕೈಯಲ್ಲಿ ಇಲ್ಲದ್ದಕ್ಕೆ. ಈ ಎರಡನ್ನೂ ಒಟ್ಟಿಗೆ ಸರಿಮಾಡುವುದು ಚೌಕಟ್ಟು. ಫ್ರೇಮ್‌ವರ್ಕ್ ಅಂತಾರಲ್ಲ, ಅದೇ. ನಾನು ಖಾನೆ ಅಂತ ಕರೆಯುತ್ತೇನೆ, ಯಾಕೆಂದರೆ ಅದು ಅಡುಗೆಮನೆಯ ಒಗ್ಗರಣೆ ಡಬ್ಬಿ ಇದ್ದ ಹಾಗೆ. ಮುಚ್ಚಳ ತೆಗೆದ ಕೂಡಲೇ ಸಾಸಿವೆ ಖಾಲಿ ಅಂತ ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾಯೋಕೆ ಇಡುವ ಮೊದಲೇ ಅಂಗಡಿಗೆ ಹೋಗಿ ಬರಬಹುದು. ಬರಹದಲ್ಲೂ ಖಾಲಿ ಖಾನೆ ಮೊದಲೇ ಕಾಣಬೇಕು. ಮುಂಬೈ, ಪುಣೆ, ಗೋವಾ ಕಡೆಯ ನಮ್ಮ ಜನರ ಸಣ್ಣ ವ್ಯಾಪಾರಗಳಿಗೆ ಪ್ರಪೋಸಲ್, ಮೆಸೇಜು, ಬ್ರೋಷರು, ಬಾಕಿ ಕೇಳುವ ಪತ್ರ ಬರೆದು ಕೊಡುವುದು ನನ್ನ ಕೆಲಸ. ಈಗ ಯಾವುದನ್ನೂ ಖಾನೆ ಹಾಕದೆ ಶುರು ಮಾಡುವುದಿಲ್ಲ. ಹೇಗೆ ಅಂತ ಹೇಳುತ್ತೇನೆ.

ಪ್ರಪೋಸಲ್: ಆರು ಪ್ರಶ್ನೆ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಆರು ಪ್ರಶ್ನೆ ಬರೆಯಿರಿ, ಬಲಗಡೆ ಖಾಲಿ ಬಿಡಿ. ಏನು ಕೊಡುತ್ತೇವೆ? ಎಷ್ಟಕ್ಕೆ? ಯಾವಾಗ, ಹೇಗೆ ತಲುಪುತ್ತದೆ? ನಮ್ಮನ್ನು ಯಾಕೆ ನಂಬಬೇಕು? ನಮ್ಮ ಷರತ್ತು ಏನು? ಒಪ್ಪಿಗೆಯಾದರೆ ಅವರು ಈಗ ಏನು ಮಾಡಬೇಕು? ಇಷ್ಟೇ. ಈ ಹಾಳೆ ಹಿಡಿದುಕೊಂಡು ಮಾಲೀಕರಿಗೆ ಫೋನ್ ಮಾಡಿ, ಬರೆಯೋಕೆ ಕೂರುವ ಮೊದಲು. ಒಂದೊಂದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಗೀಚಿಕೊಳ್ಳಿ. ಫೋನಲ್ಲಿ ಸಿಗದವರಾದರೆ ಪ್ರತಿ ಪ್ರಶ್ನೆಗೂ ಒಂದೊಂದು ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. ಗಲ್ಲಾದಲ್ಲಿ ಕೂತು ಬರೆಯೋಕೆ ಆಗದವರು ಮಾತಾಡಿ ಕಳಿಸುತ್ತಾರೆ, ಮತ್ತು ಮಾತಲ್ಲಿ ಜಾಸ್ತಿ ವಿವರ ಬರುತ್ತದೆ.

ಕೆಲವು ತಿಂಗಳ ಮೇಲೆ ಅದೇ ಶೆಟ್ರಿಗೆ ಪ್ರಭಾದೇವಿಯ ಒಂದು ಆಫೀಸಿನಿಂದ ಕೇಳಿಕೆ ಬಂತು, 80 ಜನರದ್ದು. ಈ ಸಲ ಹಾಳೆ ಮೊದಲು. ಹತ್ತೇ ನಿಮಿಷದ ಫೋನ್. ಬರೆದಿದ್ದು ಇಂಗ್ಲಿಷಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ, ಎಷ್ಟು ಚಿಕ್ಕದು ನೋಡಿ:

"ನಿಮ್ಮ ಪ್ರಭಾದೇವಿ ಆಫೀಸಿಗೆ ಸೋಮವಾರದಿಂದ ಶುಕ್ರವಾರದವರೆಗೆ ದಿನಾ 80 ಸಸ್ಯಾಹಾರಿ ಊಟ, ಪ್ಲೇಟಿಗೆ 140 ರೂಪಾಯಿ, ಜಿಎಸ್‌ಟಿ ಬೇರೆ. ಪ್ರತಿ ಊಟದಲ್ಲಿ 3 ಚಪಾತಿ, ಅನ್ನ, ಸಾಂಬಾರು, ಒಂದು ಪಲ್ಯ, ಒಂದು ಉಸಳಿ, ಮೊಸರು, ಉಪ್ಪಿನಕಾಯಿ. 12.40ಕ್ಕೆ ಊಟ ನಿಮ್ಮ ಪ್ಯಾಂಟ್ರಿಯಲ್ಲಿರುತ್ತದೆ. ಬಡಿಸಲು ನಮ್ಮ ಇಬ್ಬರು ಬರುತ್ತಾರೆ, ಪಾತ್ರೆ ನಮ್ಮದೇ, 2.30ಕ್ಕೆ ವಾಪಸ್ ಒಯ್ಯುತ್ತೇವೆ. ಆಯಾ ದಿನದ ಸಂಖ್ಯೆಯನ್ನು ಬೆಳಿಗ್ಗೆ 9.30ರೊಳಗೆ ತಿಳಿಸಬೇಕು, ಕನಿಷ್ಠ 65 ಪ್ಲೇಟಿನ ಬಿಲ್ ಆಗುತ್ತದೆ. 15 ದಿನಕ್ಕೊಮ್ಮೆ ಬಿಲ್. ಬುಧವಾರ ಸಂಜೆಯೊಳಗೆ ಇದೇ ಮೇಲ್‌ಗೆ ಹೂಂ ಅಂದರೆ, ಗುರುವಾರ 10 ಜನರ ಸ್ಯಾಂಪಲ್ ಊಟ ಕಳಿಸುತ್ತೇವೆ, ಅದಕ್ಕೆ ಹಣ ಬೇಡ."

ನಂಬಿಕೆಯ ಖಾನೆಗೆ ಕೆಳಗೆ ಎರಡೇ ಸಾಲು: ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸಿನ 14 ಅಂಕಿಯ ನಂಬರು, ಮತ್ತು ಈಗ ಅವರಿಂದ ಊಟ ತರಿಸುವ ಎರಡು ಆಫೀಸುಗಳ ಹೆಸರು, ಅವರ ಒಪ್ಪಿಗೆ ಕೇಳಿಯೇ ಹಾಕಿದ್ದು. ಹೋಟೆಲಿನ ಇತಿಹಾಸ ಇಡೀ ಬಿಟ್ಟೆ. ಒಳ್ಳೆಯ ಇತಿಹಾಸವೇ ಅದು, ಆದರೆ ಆಫೀಸಿನ ಅಡ್ಮಿನ್ ಇದನ್ನು ಓದಿ ತನ್ನ ಮೇಲಿನವರಿಗೆ ಫಾರ್ವರ್ಡ್ ಮಾಡಬೇಕು, ಅವರು ಅಕೌಂಟ್ಸ್‌ಗೆ ಕಳಿಸಬೇಕು. ಮೂರು ಜನರೂ ಹುಡುಕುವುದು ರೇಟು, ಹೊತ್ತು, ಷರತ್ತು.

ಬರೆಯೋಕೆ ಹಿಡಿದಿದ್ದು ಇಪ್ಪತ್ತೈದು ನಿಮಿಷ. ಅದೇ ಸಂಜೆ ಐದಕ್ಕೆ ಹೋಯಿತು.

ಇಲ್ಲಿ ಒಂದು ಮಾತು. ಒಂದು ಖಾನೆಗೆ ಹಾಕೋಕೆ ನಿಜವಾದದ್ದು ಏನೂ ಇಲ್ಲದಿದ್ದರೆ ಆ ಖಾನೆಯನ್ನೇ ತೆಗೆದುಹಾಕಿ. ಹೊಸದಾಗಿ ಶುರು ಮಾಡಿದವರಿಗೆ ಹಳೆಯ ಗಿರಾಕಿಗಳ ಪಟ್ಟಿ ಇರುವುದಿಲ್ಲ, ಇರಲಿ ಬಿಡಿ. ಅದರ ಜಾಗಕ್ಕೆ ಸ್ಯಾಂಪಲ್ ಊಟ ಇದೆಯಲ್ಲ. ಸುಮ್ನೆ ದೊಡ್ಡ ಮಾತು ತುಂಬಿಸಿದರೆ ಓದುವವರಿಗೆ ಎರಡೇ ಕ್ಷಣದಲ್ಲಿ ಗೊತ್ತಾಗುತ್ತದೆ. ಎಐಗೆ ಕೊಟ್ಟು ಬರೆಸುವವರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು: ಖಾನೆ ಖಾಲಿ ಬಿಟ್ಟು ಕೊಟ್ಟರೆ ಅದು ತಾನೇ ಏನಾದರೂ ತುಂಬಿಸಿಬಿಡಬಹುದು, ರೇಟನ್ನೂ ಸೇರಿಸಿ. ಎಲ್ಲ ಖಾನೆಗೂ ನಿಮ್ಮ ಉತ್ತರ ಕೊಟ್ಟ ಮೇಲೆ ಅದರ ಕೈಗೆ ಕೊಡಿ, ಬಂದದ್ದನ್ನು ಹಾಳೆಯ ಜತೆ ಹೋಲಿಸಿ ನೋಡಿ.

ಮಾರುವ ಮೆಸೇಜು

ಜಾಹೀರಾತಿನ ಲೋಕದಲ್ಲಿ ಎಲ್ಲಕ್ಕಿಂತ ಹಳೆಯ ಚೌಕಟ್ಟುಗಳಲ್ಲಿ ಒಂದು ಐಡಾ. ಗಮನ, ಆಸಕ್ತಿ, ಆಸೆ, ಕೆಲಸ, ಈ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿ ಆ ಹೆಸರು. 1898ರ ಹೊತ್ತಿಗೆ ಅಮೆರಿಕದ ಎಲಿಯಾಸ್ ಸೇಂಟ್ ಎಲ್ಮೊ ಲೂಯಿಸ್ ಹೇಳಿಕೊಟ್ಟದ್ದು ಅನ್ನುತ್ತಾರೆ. ದೊಡ್ಡ ಬ್ರೋಷರ್, ವೆಬ್‌ಸೈಟಿನ ಮೊದಲ ಪುಟಕ್ಕೆ ಈಗಲೂ ಚೆನ್ನಾಗಿ ಹೊಂದುತ್ತದೆ. ಆದರೆ ವಾಟ್ಸಾಪ್ ಮೆಸೇಜಿಗೆ ಅದು ನನಗೆ ಉದ್ದ ಅನಿಸುತ್ತದೆ. ಅಲ್ಲಿಗೆ ಪಿಎಎಸ್ (ಪ್ರಾಬ್ಲಮ್, ಅಜಿಟೇಟ್, ಸೊಲ್ಯೂಷನ್) ಸಾಕು: ಕಷ್ಟ ಹೇಳು, ಅದು ಎಷ್ಟು ಕಾಡುತ್ತದೆ ಹೇಳು, ಪರಿಹಾರ ಹೇಳು.

ಪುಣೆಯ ವಾಕಡ್‌ನಲ್ಲಿ ವಿಜಯಪುರ ಕಡೆಯ ಒಬ್ಬ ಅಕ್ಕ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರೇ ಅವರ ಗಿರಾಕಿಗಳು. ಅವರು ಗ್ರೂಪಿಗೆ ಹಾಕುತ್ತಿದ್ದ ಮೆಸೇಜು "ನಮ್ಮಲ್ಲಿ ಉತ್ತಮ ಗುಣಮಟ್ಟದ ರೊಟ್ಟಿಗಳು ದೊರೆಯುತ್ತವೆ" ಅಂತ ಶುರುವಾಗಿ ನಂಬರಿನಲ್ಲಿ ಮುಗಿಯುತ್ತಿತ್ತು. "ನಮಗ ರೊಟ್ಟಿ ಬಡಿಯೋದು ಗೊತ್ರೀ, ಬರಿಯೋದು ಗೊತ್ತಿಲ್ಲ" ಅಂದರು. ಕೂತು ಮೂರು ಖಾನೆಗೆ ಕೇಳಿದೆ. ತಗೊಳ್ಳೋರು ಯಾರು, ಎಷ್ಟು ಗಂಟೆಗೆ ಮನೆಗೆ ಬರ್ತಾರೆ, ಇಲ್ಲಾಂದ್ರೆ ಏನು ತಿಂತಾರೆ, ಎಷ್ಟು ದಿನ ಇಡಬಹುದು? ಕೊನೆಯದಕ್ಕೆ ಅವರು "ಖಡಕ್ ರೊಟ್ಟಿ ಅಲ್ರೀ, ತಿಂಗಳಾದ್ರೂ ಏನಾಗಂಗಿಲ್ಲ" ಅಂದರು. ಆ ಒಂದು ಮಾತು ಅವರ ಯಾವ ಮೆಸೇಜಿನಲ್ಲೂ ಇರಲಿಲ್ಲ! ರೂಮಲ್ಲಿ ಫ್ರಿಜ್ ಇಲ್ಲದ ಹುಡುಗನಿಗೆ ಅದಕ್ಕಿಂತ ಮುಖ್ಯ ಬೇರೆ ಏನಿದೆ? ಹೊಸ ಮೆಸೇಜು ಹೀಗಾಯಿತು:

"ಹಿಂಜವಡಿಯಲ್ಲಿ ಡ್ಯೂಟಿ, ವಾಕಡ್‌ನಲ್ಲಿ ರೂಮು. ರಾತ್ರಿ ಒಂಬತ್ತಕ್ಕೆ ಬಂದು ರೊಟ್ಟಿ ಬಡಿಯೋರು ಯಾರು? ವಾರಪೂರ್ತಿ ಹೊರಗಿನ ಊಟ ಸಾಕಾಗಿದೆ ಅಲ್ವಾ? ಖಡಕ್ ಜೋಳದ ರೊಟ್ಟಿ 20ರ ಪ್ಯಾಕು, ಜೊತೆಗೆ 100 ಗ್ರಾಂ ಶೇಂಗಾ ಚಟ್ನಿ, 260 ರೂಪಾಯಿ. ತಿಂಗಳು ಇಟ್ಟರೂ ಕೆಡಲ್ಲ, ಫ್ರಿಜ್ ಬೇಡ. ಶನಿವಾರ ನಿಮ್ಮ ರೂಮಿಗೇ ತಂದು ಕೊಡುತ್ತೇವೆ. ಶುಕ್ರವಾರ ಸಂಜೆ 6ರೊಳಗೆ ಎಷ್ಟು ಪ್ಯಾಕ್ ಅಂತ ಮೆಸೇಜ್ ಮಾಡಿ."

ನಡುವಿನ ಖಾನೆ, ಅಂದರೆ ಕಷ್ಟವನ್ನು ಕೆದಕುವ ಭಾಗ, ಒಂದೇ ಸಾಲಿಗೆ ನಿಲ್ಲಿಸಿ. ಅದನ್ನು ಎಳೆದರೆ ಹೆದರಿಸಿ ಮಾರಿದ ಹಾಗೆ ಆಗುತ್ತದೆ. ಆರೋಗ್ಯ, ವಿಮೆ, ಮಕ್ಕಳ ಟ್ಯೂಶನ್ ಇಂಥವುಗಳಲ್ಲಿ ಎಷ್ಟೋ ಜನ ಹಾಗೆ ಬರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಾನು ಬರೆಯುವುದೂ ಇಲ್ಲ.

ಮೊದಲ ಸಾಲಿನ ಬಗ್ಗೆ ಇನ್ನೊಂದು. ಸ್ಟೇಷನ್ನಿನ ಇಂಡಿಕೇಟರ್ ನೋಡಿದ್ದೀರಲ್ಲ, ಲೋಕಲ್ ಎಲ್ಲಿಗೆ, ಫಾಸ್ಟಾ ಸ್ಲೋನಾ, ಎಷ್ಟು ನಿಮಿಷ, ಎಷ್ಟು ಡಬ್ಬಿ. ಮೆಟ್ಟಿಲು ಇಳಿಯುತ್ತಲೇ ಜನ ಅದನ್ನು ಓದಿ ಓಡಬೇಕೋ ನಿಲ್ಲಬೇಕೋ ತೀರ್ಮಾನ ಮಾಡುತ್ತಾರೆ. ಗಿರಾಕಿ ನಿಮ್ಮ ಮೆಸೇಜನ್ನು ಓದುವುದೂ ಅದೇ ಲೋಕಲಿನಲ್ಲಿ ಒಂದು ಕೈಯಲ್ಲಿ ಹಿಡಿ ಹಿಡಿದುಕೊಂಡೇ. ಉದ್ದದ ಮೆಸೇಜಾದರೆ ವಾಟ್ಸಾಪ್ ಅರ್ಧಕ್ಕೆ ಕತ್ತರಿಸಿ ಇನ್ನಷ್ಟು ಓದಿ ಅಂತ ತೋರಿಸುತ್ತದೆ. ಮುಖ್ಯವಾದದ್ದು ಆ ಗೆರೆಯ ಮೇಲೆಯೇ ಬರಬೇಕು. ಹಾಗಾಗಿ ನಾನು ಮೊದಲ ಸಾಲನ್ನು ಬರೆಯುವುದು ಕೊನೆಗೆ. ಉಳಿದ ಖಾನೆ ತುಂಬಿದ ಮೇಲೆ ಯಾವುದು ಜಾಸ್ತಿ ಗಟ್ಟಿ ಅಂತ ತಾನಾಗಿ ಗೊತ್ತಾಗುತ್ತದೆ, ಅದನ್ನು ಮೇಲಕ್ಕೆ ಎತ್ತಿದರೆ ಆಯಿತು.

ಮೇಲಿನವರಿಗೆ ವರದಿ

ಇದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಉತ್ತರ ಮೊದಲು, ಕಾರಣ ಆಮೇಲೆ. 1963ರಲ್ಲಿ ಮೆಕಿನ್ಸೆ ಅನ್ನುವ ಸಲಹಾ ಕಂಪನಿ ಸೇರಿದ ಬಾರ್ಬರಾ ಮಿಂಟೊ ಇದನ್ನೇ ಪಿರಮಿಡ್ ಅಂತ ಕಲಿಸಿದರು: ತುದಿಯಲ್ಲಿ ಒಂದು ತೀರ್ಮಾನ, ಅದರ ಕೆಳಗೆ ಅದನ್ನು ಹೊತ್ತು ನಿಲ್ಲುವ ಎರಡು ಮೂರು ಕಾರಣ, ಅವುಗಳ ಕೆಳಗೆ ವಿವರ. ತುರ್ಭೆಯ ಗೋಡೌನಿನಿಂದ ಮಾಲು ತಡವಾದರೆ "ನಿನ್ನೆ ಬೆಳಿಗ್ಗೆ ಗಾಡಿ ಬಂತು, ಆಮೇಲೆ ಹಮಾಲರು..." ಅಂತ ಕಥೆ ಶುರು ಮಾಡಬೇಡಿ. "ಮಾಲು ನಾಳೆ ಸಂಜೆ ತಲುಪುತ್ತದೆ, ಒಂದು ದಿನ ತಡ, ಹೆಚ್ಚುವರಿ ಖರ್ಚಿಲ್ಲ" ಅಂತ ಶುರು ಮಾಡಿ. ಯಾಕೆ ಅಂತ ಬೇಕಾದವರು ಕೆಳಗೆ ಓದುತ್ತಾರೆ.

ಬಾಕಿ ಕೇಳುವ ಪತ್ರ

ನಮ್ಮವರು ಎಲ್ಲಕ್ಕಿಂತ ತಡ ಮಾಡುವುದು ಇದಕ್ಕೇ. ಸಂಕೋಚ. ಪಾರ್ಟಿ ಬೇಜಾರಾದರೆ, ಮುಂದಿನ ಆರ್ಡರ್ ಹೋದರೆ ಅಂತ ವಾರಗಟ್ಟಲೆ ಮುಂದೂಡುತ್ತಾರೆ, ಕೊನೆಗೆ ಸಿಟ್ಟಲ್ಲಿ ಏನೋ ಬರೆದುಬಿಡುತ್ತಾರೆ. ಚೌಕಟ್ಟಿದ್ದರೆ ಸಂಕೋಚಕ್ಕೂ ಸಿಟ್ಟಿಗೂ ಜಾಗ ಇರುವುದಿಲ್ಲ. ನಾಲ್ಕು ಖಾನೆ: ಯಾವ ಬಿಲ್ಲು, ಏನು ಮಾತಾಗಿತ್ತು, ಯಾವತ್ತಿನೊಳಗೆ ಬೇಕು, ಹೇಗೆ ಕಳಿಸಬೇಕು.

ಭೋಸರಿಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಒಬ್ಬರಿಗೆ ಬರೆದು ಕೊಟ್ಟ ಮೊದಲ ಪತ್ರ, ನಂಬರ್ ತಾರೀಕು ಬದಲಿಸಿ ಕೊಡುತ್ತಿದ್ದೇನೆ:

"ನಮಸ್ಕಾರ. ಬಿಲ್ ನಂ. 214, ಜೂನ್ 3ರದ್ದು, 86,400 ರೂಪಾಯಿ ಇನ್ನೂ ಬಂದಿಲ್ಲ. 30 ದಿನದ ಮಾತಾಗಿತ್ತು, ಜುಲೈ 3ಕ್ಕೆ ಅವಧಿ ಮುಗಿದಿದೆ. ದಯವಿಟ್ಟು ಜುಲೈ 15ರೊಳಗೆ ಕಳಿಸಿ. ಖಾತೆಯ ವಿವರ ಮತ್ತು ಬಿಲ್ಲಿನ ಪ್ರತಿ ಇದರ ಜೊತೆಗಿದೆ. ಬಿಲ್ಲಿನಲ್ಲಿ ಏನಾದರೂ ತಪ್ಪಿದ್ದರೆ ಇವತ್ತೇ ತಿಳಿಸಿ, ಸರಿಮಾಡಿ ಕೊಡುತ್ತೇವೆ."

ಕೊನೆಯ ವಾಕ್ಯ ತುಂಬ ಕೆಲಸ ಮಾಡುತ್ತದೆ. ಎಷ್ಟೋ ಸಲ ಹಣ ನಿಂತಿರುವುದು ಬಿಲ್ಲಿನಲ್ಲಿ ಪಿಒ, ಅಂದರೆ ಅವರ ಪರ್ಚೇಸ್ ಆರ್ಡರ್ ನಂಬರ್ ಇಲ್ಲ ಅನ್ನುವ ಕಾರಣಕ್ಕೇ, ಅದನ್ನು ಯಾರೂ ಹೇಳಿರುವುದಿಲ್ಲ. ಎರಡನೇ ಪತ್ರದಲ್ಲಿ ಮೂರು ಖಾನೆ ಹಾಗೇ ಇರುತ್ತವೆ, ತಾರೀಕು ಬದಲಾಗುತ್ತದೆ, "ಜುಲೈ 10ರಂದು ಬರೆದಿದ್ದೆವು" ಅಂತ ಒಂದು ಸಾಲು ಸೇರುತ್ತದೆ. ಮೂರನೆಯದರಲ್ಲಿ ಕಾನೂನು ಬರುತ್ತದೆ. ತಯಾರಿಕೆ ಅಥವಾ ಸೇವೆಯ ಸೂಕ್ಷ್ಮ ಇಲ್ಲವೇ ಸಣ್ಣ ಉದ್ಯಮವಾಗಿ ಸರಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರೆ, ಇಂಥ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ನಿಮ್ಮ ಪರವಾಗಿದೆ. ಬರಹದ ಒಪ್ಪಂದ ಇದ್ದರೆ ಖರೀದಿದಾರರು ಅದರಲ್ಲಿರುವ ತಾರೀಕಿನೊಳಗೆ, ಹೆಚ್ಚೆಂದರೆ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ 16ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಲೆಕ್ಕದಲ್ಲಿ. ಇದನ್ನು ಪತ್ರದಲ್ಲಿ ಒಂದೇ ಸಾಲಲ್ಲಿ ಹೇಳಿ, ಪಕ್ಕದಲ್ಲಿ ನಿಮ್ಮ ಉದ್ಯಮ್ ನಂಬರ್ ಹಾಕಿ. ಬೈಗುಳ ಬೇಡ, ಬೆದರಿಕೆಯ ಮಾತೂ ಬೇಡ. ಮೂರೂ ಪತ್ರಗಳನ್ನು ಬಿಲ್ಲು ಕೊಟ್ಟ ದಿನವೇ ಬರೆದು ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಿಲ್ಲು ಕೊಟ್ಟ ದಿನ ಮನಸ್ಸು ಸಮಾಧಾನವಾಗಿರುತ್ತದೆ, ಭಾಷೆಯೂ ಹದವಾಗಿ ಬರುತ್ತದೆ.

ಎರಡು ಮೂರು ಭಾಷೆ ಬೇಕಾದಾಗ

ಇಲ್ಲಿ ನಮ್ಮ ವ್ಯಾಪಾರ ಒಂದೇ ಭಾಷೆಯಲ್ಲಿ ನಡೆಯುವುದಿಲ್ಲ. ಮಾಲೀಕರ ಮನೆಮಾತು ತುಳು, ಲೆಕ್ಕ ಕನ್ನಡ, ಗಿರಾಕಿ ಮರಾಠಿ, ಮೇಲ್ ಇಂಗ್ಲಿಷು. ಕನ್ನಡದಲ್ಲಿ ಇಡೀ ಪತ್ರ ಬರೆದು ಅದನ್ನು ಸಾಲು ಸಾಲಾಗಿ ಮರಾಠಿಗೆ ತಿರುಗಿಸಿದರೆ ಅದು ಮರಾಠಿಯವರ ಕಿವಿಗೆ ಮರಾಠಿ ಅನಿಸುವುದಿಲ್ಲ, ಮತ್ತು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಖಾನೆ ಮಾತ್ರ ಕನ್ನಡದಲ್ಲೋ ತುಳುವಲ್ಲೋ ತುಂಬಿಸಿ, ಅದರಲ್ಲಿರುವುದು ಬರೀ ಅಂಕಿ, ಹೆಸರು, ಹೊತ್ತು. ಆಮೇಲೆ ಆ ಹಾಳೆ ನೋಡಿಕೊಂಡು ಮರಾಠಿಯದನ್ನು ಮರಾಠಿಯಲ್ಲೇ ಬರೆಯಿರಿ, ಇಂಗ್ಲಿಷಿನದನ್ನು ಇಂಗ್ಲಿಷಲ್ಲಿ. ಮರಾಠಿ ನಿಮಗೆ ಬರೆಯೋಕೆ ಬರದಿದ್ದರೆ ಹಾಳೆಯನ್ನು ಬರುವವರ ಕೈಗೆ ಕೊಡಿ, ಅವರು ನಿಮ್ಮನ್ನು ಏನೂ ಕೇಳಬೇಕಾಗಿಲ್ಲ. ವಾಸ್ಕೋದಲ್ಲಿ ಖಾನಾವಳಿ ನಡೆಸುವವರೊಬ್ಬರ ಗೂಗಲ್ ಲಿಸ್ಟಿಂಗಿಗೆ ಹೀಗೇ ಮಾಡಿದೆವು. ಅಲ್ಲಿ ವಿವರಣೆಗೆ 750 ಅಕ್ಷರ ಮಾತ್ರ, ಖಾನೆ ಇಲ್ಲದಿದ್ದರೆ ಅರ್ಧ ಜಾಗ ಸ್ವಾಗತದ ಮಾತಿಗೇ ಹೋಗುತ್ತಿತ್ತು. ಏನು ಸಿಗುತ್ತದೆ, ಎಲ್ಲಿ, ಯಾವ ಹೊತ್ತು, ಪಾರ್ಸೆಲ್ ಇದೆಯೋ ಇಲ್ಲವೋ, ಇಷ್ಟಕ್ಕೆ ಸರಿಯಾಗಿ ಕೂತಿತು.

ದಿನಾ ಬರುವ ಪ್ರಶ್ನೆಗಳಿಗೆ ಮತ್ತೆ ಮತ್ತೆ ಬರೆಯಬೇಡಿ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, 50ರವರೆಗೆ ಉತ್ತರ ಇಟ್ಟುಕೊಳ್ಳಬಹುದು, ಓರೆಗೆರೆ ಒತ್ತಿದರೆ ಪಟ್ಟಿ ಬರುತ್ತದೆ. ರೇಟು, ಡೆಲಿವರಿ ಜಾಗ, ಖಾತೆಯ ವಿವರ, ಈ ಮೂರನ್ನು ಇವತ್ತೇ ಹಾಕಿಡಿ. ರೇಟು ಬದಲಾದ ದಿನ ಮರೆಯದೆ ತಿದ್ದಿ, ಹಳೆಯ ರೇಟು ಹೋದರೆ ಜಗಳಕ್ಕೆ ದಾರಿ.

ಚೌಕಟ್ಟು ಹಾಕಬಾರದ ಜಾಗವೂ ಇದೆ. ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದ ಭಟ್ಟರು ತೀರಿಹೋದರು ಅಂತ ಗಿರಾಕಿಗಳಿಗೆ ತಿಳಿಸಬೇಕಾದಾಗ ಮಾಲೀಕರನ್ನೇ ಕೂರಿಸಿ, ಅವರು ಹೇಳಿದ ಹಾಗೇ ಬರೆಯಿರಿ. ನಿಮ್ಮ ತಪ್ಪಿನಿಂದ ಒಬ್ಬರ ಮದುವೆ ಊಟ ಕೆಟ್ಟಿದ್ದರೆ ಮೊದಲು ಫೋನ್ ಮಾಡಿ ಕ್ಷಮೆ ಕೇಳಿ, ಬರಹ ಆಮೇಲೆ.

ಇನ್ನು, ಕಳಿಸಿದ ಮೇಲೂ ಹಾಳೆಯನ್ನು ಎಸೆಯಬೇಡಿ. ಪಾರ್ಟಿ ತಿರುಗಿ ಏನು ಕೇಳಿದರು ಅಂತ ಅದರ ಕೆಳಗೆ ಬರೆದಿಡಿ. ಪ್ರಭಾದೇವಿಯ ಆಫೀಸಿನ ಅಡ್ಮಿನ್ ಪ್ರಪೋಸಲ್ ಓದಿ ಕೇಳಿದ್ದು ಒಂದೇ ಪ್ರಶ್ನೆ: ಜೈನ್ ಊಟ ಸಿಗುತ್ತದಾ, ಎಂಟು ಜನ ಇದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಸಾಂಬಾರು ಬೇರೆ ಪಾತ್ರೆಯಲ್ಲಿ ಆಗಬೇಕು, ಬೇರೆ ಡಬ್ಬದಲ್ಲಿ ಹೋಗಬೇಕು, ಸೌಟೂ ಬೇರೆ. ಆಮೇಲೆ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಇನ್ನೊಂದು ಆಫೀಸಿನವರೂ ಅದನ್ನೇ ಕೇಳಿದರು. ಎರಡು ಸಲ ಬಂದ ಪ್ರಶ್ನೆ ನನ್ನಲ್ಲಿ ಖಾನೆಯಾಗುತ್ತದೆ. ಈಗ ಶೆಟ್ರ ಹಾಳೆಯಲ್ಲಿ ಏಳು ಪ್ರಶ್ನೆ ಇವೆ. ಮೊನ್ನೆ ಅಂಧೇರಿಯಿಂದ ಕೇಳಿಕೆ ಬಂದಾಗ ನಾನು ಫೋನ್ ಮಾಡುವ ಮೊದಲೇ ಅವರಿಂದ ಏಳು ವಾಯ್ಸ್ ಮೆಸೇಜು ಬಂದಿದ್ದವು, ಕೊನೆಯದು ಹನ್ನೆರಡು ಸೆಕೆಂಡಿನದು: "ಜೈನ್ ಹದಿನೈದು ಪ್ಲೇಟ್ ಮಾಡ್ಬಹುದು ಮೇಡಂ, ರೇಟ್ ಅದೇ, ಒಂದಿನ ಮೊದ್ಲು ಹೇಳ್ಬೇಕು."